ಕೂತು ಕುಡಿಯಿರಿ ಎಂದೆ

ಅನಘಾ, ನಿಹಾಲ್, ಈ ಪರದೇಶದ ನಮ್ಮ ಓಲ್ಡ್ ಬ್ರಿಡ್ಜ್ ಪಟ್ಟಣದ ಓಟದ ದಿನ ನೀರು ಕೊಡಲು ನನ್ನನ್ನು ನಿಲ್ಲಿಸಿದ್ದಿರಲ್ಲ, ಆಗ ಕನ್ನಡದ ಹೆಂಗಸೊಬ್ಬರು ಏದುಸಿರು ಬಿಡುತ್ತ ಬಂದರು. ಹುಟ್ಟೂರಿನ ರೂಢಿಯಂತೆ ಕುರ್ಚಿ ಎಳೆದು, "ಕೂತ್ಕೊಂಡು ಕುಡೀರಮ್ಮ" ಎಂದೆ.

"ಕೂತ್ರೆ ಮತ್ತೆ ಏಳಲ್ಲ ಆಂಟಿ!" ಎಂದು ನಕ್ಕು, ನಿಂತೇ ಕುಡಿದರು.

"ಯಾರೂ ಅಟ್ಟಿಸ್ಕೊಂಡು ಬರ್ತಿಲ್ಲ, ಯಾಕಮ್ಮ ಓಡ್ತೀರಿ?" ಕುತೂಹಲ ತಡೆಯದೆ ಕೇಳಿಬಿಟ್ಟೆ.

"ಶುಗರ್ ಬರ್ತಿದೆಯಲ್ಲ! ಓಟ ಇವತ್ತೊಂದೇ ದಿನ ಆಂಟಿ. ಓಡೋರು ಕಟ್ಟೋ ಫೀಸಲ್ಲೇ ವರ್ಷಪೂರ್ತಿ ಸ್ಯಾಟರ್ಡೇ ವಾಕಿಂಗ್, ಬಿಪಿ ಚೆಕ್ ಎಲ್ಲಾ ನಡೆಯುತ್ತೆ. ನೀವೂ ಬನ್ನಿ."

ನಿಮ್ಮ ತಾತ ಹೋದ ಮೇಲೆ ನಾನು ಒಬ್ಬಳೇ ಹೊಸಿಲು ದಾಟಿರಲಿಲ್ಲ. ಓಟದ ಮುಂದಿನ ಶನಿವಾರ ವಾಕಿಂಗಿಗೆಂದು ದಾಟಿದೆ. ಹಿಮ ಬಿದ್ದರೆ ಮಾಲ್‌ನೊಳಗೆ ನಡೆಯುತ್ತೇವೆ. ಬೆಂಚು ಕಂಡರೆ ಈಗಲೂ ಅವರು, "ಆಂಟಿ, ಕೂರ್ಬೇಡಿ" ಎನ್ನುತ್ತಾರೆ. ನನ್ನ ಶೂ ಸವೆದರೆ ಬಿಸಾಡಿ, ನಿಮಗಾಗಿ ಬರೆದ ಈ ಹಾಳೆಗಳನ್ನು ಮಾತ್ರ ಜೋಪಾನವಾಗಿ ಇಟ್ಟುಕೊಳ್ಳಿ.