ನೆನೆಯದ ದಾರ

ಸತ್ತವರು ಮರಳಿ ಬರುತ್ತಾರೆ ಎಂಬ ಮಾತನ್ನು ನಾನು ಎಂದೂ ನಂಬಿದವನಲ್ಲ. ಈಗ ನಂಬುತ್ತೇನೆ ಎಂದೂ ಹೇಳಲಾರೆ. ಪಣಜಿಯ ಪ್ರಯೋಗಾಲಯವೊಂದರಲ್ಲಿ ನೀರಿನ ಮಾದರಿಗಳನ್ನು ಪರೀಕ್ಷಿಸುವುದು ನನ್ನ ಕೆಲಸ. ಕಂಡದ್ದನ್ನು ಕಂಡಷ್ಟೇ ಬರೆಯುವುದು ರೂಢಿಯಾಗಿದೆ. ಇಲ್ಲಿಯೂ ಹಾಗೆಯೇ ಬರೆಯಲು ಪ್ರಯತ್ನಿಸುತ್ತೇನೆ.

ಧಾರವಾಡದ ಸುಶೀಲಾಬಾಯಿ ಪಣಜಿಯಲ್ಲಿ ನಮ್ಮ ನೆರೆಯವರು. ಅವರ ಒಬ್ಬಳೇ ಮಗಳು ಅಪರ್ಣಾ ವಿಶ್ವವಿದ್ಯಾಲಯದಲ್ಲಿ ಪರಿಸರ ವಿಜ್ಞಾನ ಓದುತ್ತಿದ್ದಳು. ಹಿನ್ನೀರಿನ ಕೆಸರಿನಲ್ಲಿ ಕಾಂಡ್ಲಾ ಎಂಬ ಮ್ಯಾಂಗ್ರೋವ್ ಸಸಿಗಳನ್ನು ನೆಟ್ಟು, ಉಪ್ಪುನೀರಿನ ಉಬ್ಬರ ಇಳಿತಗಳಲ್ಲಿ ಅವು ಹೇಗೆ ಬೇರೂರುತ್ತವೆ ಎಂದು ಗಮನಿಸುತ್ತಿದ್ದಳು. ಓದು ಮುಗಿಯುವ ಮೊದಲೇ ರಸ್ತೆ ಅಪಘಾತದಲ್ಲಿ ತೀರಿಕೊಂಡಳು. ತಾಯಿ ಅವಳ ನೆನಪಿಗೆ, ಅದೇ ವಿಷಯ ಓದುವವರಲ್ಲಿ ವರ್ಷಕ್ಕೊಬ್ಬರಿಗೆ ವಿದ್ಯಾರ್ಥಿವೇತನ ಕೊಡತೊಡಗಿದರು. ಆಯ್ಕೆ ಮಾಡುವವರು ಮೂವರು: ಸುಶೀಲಾಬಾಯಿ, ಕಾರವಾರ ಕಡೆಯ ಒಬ್ಬ ಪ್ರಾಧ್ಯಾಪಕರು ಮತ್ತು ನಾನು.

ನಮ್ಮ ಸಂದರ್ಶನ ಕೋಣೆಯಲ್ಲಿ ನಡೆಯುವುದಿಲ್ಲ. ಅಭ್ಯರ್ಥಿಯನ್ನು ಇಳಿತದ ಹೊತ್ತಿಗೆ ಅಪರ್ಣಾ ಸಸಿ ನೆಟ್ಟ ಜಾಗಕ್ಕೇ ಕರೆದೊಯ್ಯುತ್ತೇವೆ. ಅಲ್ಲಿ ಕಂಡದ್ದನ್ನು ಅವರು ನಮಗೆ ವಿವರಿಸಬೇಕು. ಹಿಂದಿನ ದಿನ ಬಂದು ದಂಡೆಯ ಮೇಲಿನಿಂದ ನೋಡಿಕೊಂಡು ಹೋಗಬಹುದು. ಆದರೆ ಸಸಿಗಳನ್ನು ಮುಟ್ಟುವಂತಿಲ್ಲ. ಮುಟ್ಟಿದವರ ಹೆಸರನ್ನು ಕೈಬಿಡುತ್ತೇವೆ.

ಕೆಲವು ವರ್ಷಗಳ ಹಿಂದೆ ಹೀಗೆ ಕೊನೆಯ ಅಭ್ಯರ್ಥಿಯಾಗಿ ಬಂದವಳು ರೇಣುಕಾ. ಬಾಗಲಕೋಟೆ ಕಡೆಯಿಂದ ಬಂದ ಅವಳ ತಂದೆ ಪಣಜಿಗೆ ಹತ್ತಿರದ ಕುಂಡಯಿಯ ಕಾರ್ಖಾನೆಯೊಂದರಲ್ಲಿ ಕೂಲಿ. ಈ ನೆರವು ಸಿಗದಿದ್ದರೆ ಓದು ಬಿಟ್ಟು ಅದೇ ಕಾರ್ಖಾನೆಯ ಪ್ಯಾಕಿಂಗಿಗೆ ಸೇರಬೇಕಾಗುತ್ತದೆ ಎಂದು ಅವಳೇ ಹೇಳಿದ್ದಳು. ಅಭ್ಯರ್ಥಿಗಳಲ್ಲಿ ಅವಳೇ ಮೇಲು ಎಂಬುದರಲ್ಲಿ ನಮ್ಮ ಮೂವರಿಗೂ ಅನುಮಾನವಿರಲಿಲ್ಲ.

ಮಧ್ಯಾಹ್ನ. ಸಸಿಗಳನ್ನು ಪೂರ್ತಿ ಮುಚ್ಚಿದ್ದ ಉಬ್ಬರದ ನೀರು ನಮ್ಮ ಕಣ್ಣೆದುರೇ ಇಳಿಯಿತು. ಸುಶೀಲಾಬಾಯಿ, ಪ್ರಾಧ್ಯಾಪಕರು ದಂಡೆಯ ಮೇಲೇ ನಿಂತರು. ನಾನು ಕೆಸರಿಗೆ ಇಳಿಯಲು ಪ್ಯಾಂಟು ಮಡಿಚತೊಡಗಿದೆ.

“ಇಸ್ತ್ರಿ ಮುರೀತದಂತ ನೋಡಾಕತ್ತೀರೇನ್ರಿ? ಬೀಗರ ಮನಿಗಿ ಹೊಂಟಂಗ ಬಂದೀರಿ,” ಎಂದರು ಸುಶೀಲಾಬಾಯಿ. ರೇಣುಕಾ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು.

ನಾನು ಮುಂದೆ, ಅವಳು ಹಿಂದೆ. ಕೆಸರು ಸಾರಿಸಿದ ನೆಲದಂತೆ ನುಣ್ಣಗಿತ್ತು. ಏಡಿಗಳ ಬಿಲಗಳಿದ್ದವು, ಹೆಜ್ಜೆಯ ಗುರುತು ಒಂದೂ ಇರಲಿಲ್ಲ. ನೀರಿನ ಅಂಚಿನ ಒಂದು ಸಸಿಯ ಬುಡದಲ್ಲಿ ಹಳದಿ ದಾರ ಕಂಡಿತು. ಅಪರ್ಣಾ ತನ್ನ ಸಸಿಗಳಿಗೆ ಹಳದಿ ದಾರ ಕಟ್ಟುತ್ತಿದ್ದಳು. ಮಲ್ಲಿಗೆ ಮಾಲೆ ಕಟ್ಟುವಾಗ ತಾಯಿ ಹಾಕುವ ಕುಣಿಕೆಯೇ ಅದು. ಮಗಳು ಎಡಚಿಯಾದ್ದರಿಂದ ತಿರುವುಮುರುವಾಗಿ ಬೀಳುತ್ತಿತ್ತು. ಆ ದಾರಗಳೆಲ್ಲ ಕೊಳೆತುಹೋಗಿ ವರ್ಷಗಳಾಗಿದ್ದವು. ಈ ಸಸಿಯಾದರೋ ಆ ವರ್ಷವಷ್ಟೇ ತಾನಾಗಿ ಹುಟ್ಟಿದ್ದು. ಕುಣಿಕೆ ಅದೇ ಆಗಿತ್ತು.

ಬಗ್ಗಿ ಮುಟ್ಟಿದೆ. ಎಲೆಗಳಿಂದ ನೀರು ತೊಟ್ಟಿಕ್ಕುತ್ತಿತ್ತು. ಕಾಂಡ ಒದ್ದೆ. ದಾರ ಒಣಗಿತ್ತು. ಎಳೆಯನ್ನು ಬೆರಳುಗಳ ನಡುವೆ ಹೊಸೆದು ನೋಡಿದೆ. ಪೆಟ್ಟಿಗೆಯಿಂದ ಆಗಷ್ಟೇ ತೆಗೆದಂತಿತ್ತು. ರೇಣುಕಾಳನ್ನು ಹತ್ತಿರ ಕರೆದೆ. ಅವಳು ಒಂದು ಬೆರಳಿನಿಂದ ಮುಟ್ಟಿ ಕೈ ಹಿಂದಕ್ಕೆಳೆದುಕೊಂಡಳು.

“ಏನದು? ತಗೊಂಡ ಬರ್ರಿ,” ಎಂದು ಸುಶೀಲಾಬಾಯಿ ಕೂಗಿದರು. ಕುಣಿಕೆ ಕೆಡದಂತೆ ಜಾರಿಸಿ ತೆಗೆದೆ. ದಂಡೆ ಹತ್ತುವಾಗ ಕಾಲು ಜಾರಿ ಕೈ ಕೆಸರಿಗೆ ಊರಿತು. ಅವರ ಕೈಗೆ ಹೋಗುವಾಗ ದಾರ ಒದ್ದೆಯಾಗಿತ್ತು.

ಅವರು ಕುಣಿಕೆಯನ್ನು ನೋಡಿದರು. ಮುಖದ ಬಣ್ಣವೇ ಹೋಯಿತು.

“ನಿಮಗೆಲ್ಲ ಓದಾಕ ಕೊಟ್ಟ ಅಪರ್ಣಾನ ವರದಿಯ ಫೋಟೊದಾಗ ಈ ಗಂಟು ಅದ. ನಿನ್ನೆ ಬಂದಿದ್ದೆಲ್ಲ ನೀನು?” ಎಂದು ಪ್ರಾಧ್ಯಾಪಕರು ರೇಣುಕಾಳನ್ನು ಕೇಳಿದರು.

“ಬಂದಿದ್ನಿರಿ ಸರ. ಕೆಳಗ ಇಳಿದಿಲ್ಲರಿ.”

ನಿನ್ನೆ ಕಟ್ಟಿದ್ದರೆ ದಾರ ನೆನೆದಿರಬೇಕು, ಅದು ಒಣಗಿತ್ತು ಎಂದೆ. ಬಿಸಿಲಿಗೆ ಒಣಗಿರುತ್ತದೆ ಎಂದರು ಪ್ರಾಧ್ಯಾಪಕರು. ಎಲೆ ಇನ್ನೂ ತೊಟ್ಟಿಕ್ಕುತ್ತಿತ್ತು ಎಂದೆ. ಅವರು ನನ್ನ ಒದ್ದೆ ಕೈಯನ್ನು ನೋಡಿ ತಲೆಯಲ್ಲಾಡಿಸಿದರು.

ಸುಶೀಲಾಬಾಯಿ ರೇಣುಕಾಳ ಎರಡೂ ಕೈ ಹಿಡಿದುಕೊಂಡರು. “ನೀನ ಕಟ್ಟಿದ್ದು ಅಂತ ಹೇಳವಾ. ನೀನಲ್ಲಾಂದ್ರ ನನ್ನ ಮಗಳು ಇನ್ನೂ ಈ ರಾಡ್ಯಾಗ ಅಡ್ಡಾಡಾಕತ್ತಾಳ ಅಂತ ಆತು. ಆಕಿಗೆ ಬಿಡುಗಡಿನ ಇಲ್ಲಂತ ಆತು. ಹೇಳವಾ, ನೀನ ಅಲ್ಲೇನು?”

ರೇಣುಕಾ ನನ್ನತ್ತ ನೋಡಿದಳು. ನಿಯಮ ಅವಳಿಗೆ ತಿಳಿದಿತ್ತು. ಆಮೇಲೆ ಆ ತಾಯಿಯ ಮುಖ ನೋಡಿದಳು.

“ಹೌದ್ರಿ ಅಮ್ಮಾರ. ನಾನ ಕಟ್ಟೇನ್ರಿ,” ಎಂದಳು.

ಸುಶೀಲಾಬಾಯಿ ಅಲ್ಲೇ ಕಲ್ಲಿನ ಮೇಲೆ ಕುಳಿತು ಬಹಳ ಹೊತ್ತು ಅತ್ತರು. ಅದು ದುಃಖದ ಅಳುವಾಗಿರಲಿಲ್ಲ. ಪ್ರಾಧ್ಯಾಪಕರು ನಿಯಮದ ಮಾತು ಎತ್ತಿದಾಗ ಅವರು ಎದುರಾಡಲಿಲ್ಲ. ನಾನೊಬ್ಬ ಒಪ್ಪಲಿಲ್ಲ, ಉಳಿದಿಬ್ಬರು ಒಪ್ಪಿದರು. ವಿದ್ಯಾರ್ಥಿವೇತನ ಇನ್ನೊಬ್ಬರಿಗೆ ಹೋಯಿತು. ಆ ಹುಡುಗಿ ನಿರ್ದೋಷಿ ಎಂದು ಆ ತಾಯಿಯನ್ನು ಒಪ್ಪಿಸಬೇಕಾದರೆ, ನಿಮ್ಮ ಮಗಳು ಅಲ್ಲಿದ್ದಳು ಎಂದೇ ಒಪ್ಪಿಸಿದಂತಾಗುತ್ತಿತ್ತು. ಅದನ್ನು ನಾನೇ ನಂಬದೆ ಅವರಿಗೆ ಹೇಗೆ ಹೇಳಲಿ?

ಹೋದ ವರ್ಷ ಕೆಲಸದ ಮೇಲೆ ಕುಂಡಯಿಗೆ ಹೋಗಿದ್ದಾಗ ಬಸ್ ನಿಲ್ದಾಣದಲ್ಲಿ ರೇಣುಕಾ ಸಿಕ್ಕಳು. ಪ್ಯಾಕಿಂಗ್ ಕೆಲಸ ಮುಗಿಸಿ ಬಂದಿದ್ದಳು. ಓದು ನಿಂತೇಹೋಗಿತ್ತು. ಅವಳೇ ಮೊದಲು ಕೇಳಿದಳು:

“ಅಮ್ಮಾರು ಹೆಂಗದಾರ್ರಿ ಸರ?”

“ಚಲೋ ಅದಾರವಾ. ಈಗ ರಾತ್ರಿ ನಿದ್ದಿ ಹತ್ತತೈತಿ ಅಂತಾರ.”

“ಆತ್ ಬಿಡ್ರಿ,” ಎಂದಳು. ನಿಜಕ್ಕೂ ಸಮಾಧಾನವಾದಂತೆ ಕಂಡಿತು. ಬಸ್ಸು ಬಂತು. ಮೆಟ್ಟಿಲಿಗೆ ಕಾಲಿಟ್ಟವಳು ತಿರುಗಿ, ಬೇರೆಯವರಿಗೆ ಕೇಳಿಸದಷ್ಟು ಮೆಲ್ಲಗೆ ಕೇಳಿದಳು:

“ಅಲ್ರಿ ಸರ, ಖರೇನ ಅದನ್ನ ಕಟ್ಟಿದವರು ಯಾರ್ರಿ?”

ಹಿಂದಿನವರು ನೂಕಿದರು. ಅವಳು ಒಳಗೆ ಹೋದಳು. ಬಸ್ಸು ಹೊರಟಿತು.