ಬಬಲ್‌ಗಮ್ ಬುದ್ಧನ ಬೊಟ್ಟು

ಆ ಫ್ರೇಮ್ ಅಂಗಡಿಯವರ ಕಿವಿಯ ಮೇಲೆ ಪೆನ್ಸಿಲ್ ಇತ್ತೋ, ನಾನೇ ಆಮೇಲೆ ನೆನಪಿಗೆ ಸೇರಿಸಿಕೊಂಡೆನೋ, ಖಚಿತವಿಲ್ಲ. ತುಟಿಗಳ ನಡುವೆ ಸಣ್ಣ ಮೊಳೆಗಳನ್ನು ಕಚ್ಚಿಕೊಂಡೇ ಮಾತಾಡುತ್ತಿದ್ದದ್ದು ಮಾತ್ರ ನಿಜ. ಗಲ್ಫ್‌ನ ಟುಬ್ಲಿ ಎಂಬಲ್ಲಿ ಪಟಗಳಿಗೆ ಫ್ರೇಮ್ ಹಾಕುತ್ತಿದ್ದ ಅವರು ಕುಂದಾಪುರ ಕಡೆಯವರು. ಅವರ ಅಂಗಡಿಯಿಂದ ಯಾವ ದೇವರೂ ಕುಂಕುಮವಿಲ್ಲದೆ ಹೊರಡುತ್ತಿರಲಿಲ್ಲ. "ದೇವರನ್ನು ಬರಿ ಹಣೆಯಲ್ಲಿ ಕಳಿಸ್ಲಿಕ್ಕುಂಟಾ?" ಎನ್ನುತ್ತಿದ್ದರು.

ಅಲ್ಲಿಗೆ ನಾನೂ ಅಕ್ಕನ ಗಂಡನೂ ಒಂದು ಚಿತ್ರ ಒಯ್ದೆವು. ಪಾಪ್ ಕಲಾವಿದನೊಬ್ಬ ಐವತ್ತೇ ಪ್ರತಿ ಮುದ್ರಿಸಿ, ಪ್ರತಿಯೊಂದಕ್ಕೂ ಸಹಿ ಹಾಕಿದ್ದ ಬುದ್ಧ: ಗುಲಾಬಿ ಮುಖ, ಕಿವಿಗೆ ಹೆಡ್‌ಫೋನ್, ಬಾಯಲ್ಲಿ ಊದಿದ ಬಬಲ್‌ಗಮ್. ಒಂದು ಕಲೆ ಬಿದ್ದರೂ ಮುಂದೆ ಯಾರೂ ಕೊಳ್ಳುವುದಿಲ್ಲವೆಂದು ಭಾವ ಅದನ್ನು ಎಳೆ ಮಗುವಿನಂತೆ ಎತ್ತಿಕೊಂಡಿದ್ದರು.

ವಾಪಸ್ ತರಲು ಹೋದಾಗ ಬುದ್ಧನ ಹಣೆಯಲ್ಲಿ ಕೆಂಪು ಬೊಟ್ಟು. ಅದೂ ಗಾಜಿನ ಒಳಗೆ, ಚಿತ್ರದ ಮೇಲೆಯೇ.

"ಏನಿದು ಮಾರಾಯ್ರೆ!" ಭಾವ ಕೂಗಿದರು.

"ಗಾಜಿನ ಮೇಲಿಟ್ರೆ ಒರೆಸುವಾಗ ಹೋಗ್ತದಲ್ಲ ಸಾರ್," ಎಂದರು ಅವರು, ಮೊಳೆಗಳ ನಡುವಿನಿಂದ.

"ಬಬಲ್‌ಗಮ್ ತಿನ್ನುವ ದೇವರುಂಟಾ?"

"ತಿನ್ನುವುದು ಅವರಿಷ್ಟ ಸಾರ್. ಹಾಗಂತ ಬರಿ ಹಣೆಯಲ್ಲಿ ಕಳಿಸ್ಲಿಕ್ಕುಂಟಾ?"

"ಬೊಟ್ಟು ತೆಗೆಸಿಯೇ ಬರ್ತೇನೆ, ನೀನು ಹೋಗು," ಎಂದು ಭಾವ ನನ್ನನ್ನು ಟ್ಯಾಕ್ಸಿಯಲ್ಲಿ ಗುಫೂಲ್‌ನಲ್ಲಿದ್ದ ನಮ್ಮ ಮನೆಗೆ ಕಳಿಸಿದರು. ಸಂಜೆ ಅವರು ಬಂದಾಗ ಬುದ್ಧನ ಬೊಟ್ಟು ಹಾಗೆಯೇ ಇತ್ತು. ಭಾವನ ಹಣೆಯಲ್ಲೂ ಒಂದಿತ್ತು.

"ಅಲ್ಲಿ ಏನಾಯ್ತು ಭಾವ?" ಎಂದು ಈಗಲೂ ಕೇಳುತ್ತಿರುತ್ತೇನೆ. ಕೇಳಿದಾಗಲೆಲ್ಲ ಅವರು ಎದ್ದು ಚಿತ್ರದ ಗಾಜು ಒರೆಸಲು ಹೋಗುತ್ತಾರೆ.