ರೊಟ್ಟಿ ಬಡಿತಕ್ಕೆ ಬಿದ್ದ ಇಂಗ್ಲಿಷು

ಆಗ ನನಗೆ ಐವತ್ತೆರಡು. ಅದಾಗಿ ಈಗ ಇಪ್ಪತ್ತೈದು ವರ್ಷ ದಾಟಿದವು. ಸವದತ್ತಿಯಲ್ಲಿ ನಮ್ಮ ಮನೆಯ ಮುಂದಿನ ಖೋಲಿಯಲ್ಲಿ ಬಾಡಿಗೆಗೆ ಒಬ್ಬ ಅಕ್ಕೋರು ಇದ್ದರು. ಸಾಲಿ ಕಲಿಸುವ ಹೆಣ್ಣುಮಕ್ಕಳಿಗೆ ನಮ್ಮಲ್ಲಿ ಹಾಗೇ ಅನ್ನುವುದು. ತೊರಗಲ್ ಕಡೆಯ ಹುಡುಗಿ. ಮೊದಲ ತಿಂಗಳು ನಾನೂ ‘ಬರ್ರಿ ಅಕ್ಕೋರ’ ಎಂದೆ. ಆಮೇಲೆ ನನ್ನ ಒಲೆಯ ರೊಟ್ಟಿಯನ್ನೇ ತಿನ್ನತೊಡಗಿದಳು, ತಂಗಿ ಆದಳು; ನಾನು ಅವಳಿಗೆ ಕಾಕು, ಎಂದರೆ ಚಿಕ್ಕಮ್ಮ, ಆದೆ. ನನಗೆ ಮಕ್ಕಳಿಲ್ಲ. ಗಂಡ ಸತ್ತು ಎಂಟು ವರ್ಷವಾಗಿತ್ತು. ಅವನು ಇದ್ದಾಗಲೂ ಮಾತು ಕಡಿಮೆಯೇ. ಈ ಹುಡುಗಿ ಬಂದ ಮೇಲೆ ಮನೆಗೆ ಸಪ್ಪಳ ಬಂತು.

ಅವಳಿಗೆ ಒಂದೇ ಆಸೆ. ಇಂಗ್ಲಿಷ್ ಕಲಿಸುವವರಿಗೆ ಮೈಸೂರಿನಲ್ಲಿ ಒಂದು ವರ್ಷದ ತರಬೇತಿ ಇತ್ತು, ಅದಕ್ಕೆ ಆಯ್ಕೆಯಾಗಬೇಕು. ಆಯ್ಕೆಯಾದರೆ ಮತ್ತೆ ಸವದತ್ತಿಗೆ ಬರುವ ಮಾತಿಲ್ಲ, ದೂರದ ಊರಲ್ಲಿ ದೊಡ್ಡ ನೌಕರಿ. ಮೊದಲ ಸಲ ಬರೆದದ್ದರಲ್ಲಿ ಪಾಸಾಗಿ, ಬಾಯಿಂದ ಹೇಳುವುದರಲ್ಲಿ ನಪಾಸಾದಳು. ಒಂದೊಂದು ಶಬ್ದವನ್ನೂ ಕಲ್ಲು ಇಟ್ಟಂತೆ ಇಡುತ್ತೀ ಎಂದು ಅಲ್ಲಿಯವರು ಅಂದರಂತೆ. ಅವಳು ಅತ್ತಳು. ಮರುವಾರ ಒಂದು ಟೇಪ್ ರೆಕಾರ್ಡರ್, ಒಂದು ಕ್ಯಾಸೆಟ್ ತಂದಳು.

ಮುಂಜಾನೆ ನಾನು ರೊಟ್ಟಿ ಬಡಿಯುವಾಗ ಅವಳು ಅಡುಗೆಮನೆಯ ಹೊಸ್ತಿಲಲ್ಲಿ ಟೇಪ್ ಹಚ್ಚಿ ಕೂಡುತ್ತಿದ್ದಳು. ಕ್ಯಾಸೆಟ್ಟಿನ ಹೆಂಗಸು ಒಂದು ಸಾಲು ಹೇಳುವಳು. ಇವಳು ಪುಸ್ತಕ ನೋಡಿ, “ಡಿಡ್. ಯೂ. ಟೆಲ್. ಹಿಮ್. ಟು. ಕಮ್. ದಿ. ನೆಕ್ಸ್ಟ್. ಡೇ,” ಎನ್ನುವಳು. ನಾಲ್ಕು ದಿನ ಕೇಳಿದೆ. ಐದನೆಯ ದಿನ ತಡೆಯಲಾಗಲಿಲ್ಲ.

“ತಂಗಿ, ಆಕಿ ಹಂಗ ಅನ್ನಂಗಿಲ್ಲಲ್ಲ.”

“ಪುಸ್ತಕದಾಗ ಹಿಂಗ ಐತಿ ನೋಡ್ರಿ ಕಾಕು. ಡಿಡ್ ಬ್ಯಾರೆ, ಯೂ ಬ್ಯಾರೆ.”

“ಪುಸ್ತಕ ನನಗ ತಿಳಿಯಂಗಿಲ್ಲ. ಕಿವಿ ಅದಾವು. ಆಕಿ ಡಿಜು ಅಂತಾಳ. ಹಿಮ್ಮಿನ ತೆಲಿ ಹಾರಿಸಿ ಟೆಲಿಮ್ ಅಂತಾಳ. ನೆಕ್ಸ್ಟ್ ಅನ್ನೋದರ ಬಾಲ ನುಂಗಿ ನೆಕ್ಸ್‌ಡೇ ಅಂತಾಳ.”

“ನೀವು ಮೂರನೇ ಇಯತ್ತೆ, ನಾ ಬಿ.ಎ., ಬಿ.ಎಡ್.!” ಎಂದು ನಕ್ಕಳು.

“ಅದಕ್ಕ ನಪಾಸ್ ಆದಿ. ನನ್ನ ಕೂಡ ಹೆಂಗ ಮಾತಾಡ್ತಿ? ಏನು, ಮಾಡಲಿಕ್ಕೆ, ಹತ್ತಿದ್ದೀರಿ ಅಂತೀಯೇನು? ಏನ್ಮಾಡಾಕತ್ತೀರಿ ಅಂತಿ. ಆ ಹೆಂಗಸೂ ಯಾರದೋ ಅಡಗಿ ಮನ್ಯಾಗ ನಿಂತು ಮಾತಾಡಾಕತ್ತಾಳ, ಅಷ್ಟ.”

ಅವಳ ನಗೆ ನಿಂತಿತು. ಟೇಪ್ ಹಿಂದಕ್ಕೆ ತಿರುಗಿಸಿ, ಪುಸ್ತಕ ಮುಚ್ಚಿ ಕೇಳಿದಳು.

ಆದರೂ ಅವಳ ನಾಲಿಗೆ ಹೊರಳಲಿಲ್ಲ. ಒಂದು ದಿನ ನನ್ನ ಕೈಯನ್ನೇ ನೋಡಿಕೊಂಡೆ. ಅಂಗೈ ಬೀಳುತ್ತದೆ, ಸಪ್ಪಳ. ನಡುವೆ ರೊಟ್ಟಿ ತುಸು ತಿರುಗುತ್ತದೆ, ಅದಕ್ಕೆ ಸಪ್ಪಳವಿಲ್ಲ. ಆ ಹೆಂಗಸಿನ ಮಾತೂ ಹೀಗೇ. ದೊಡ್ಡ ಶಬ್ದಗಳ ಮೇಲೆ ಅಂಗೈ ಬೀಳುತ್ತದೆ, ಸಣ್ಣವೆಲ್ಲ ತಿರುಗುವ ಸಂದಿನಲ್ಲಿ ಜಾರುತ್ತವೆ. ಅವಳನ್ನು ಎದುರಿಗೆ ಕೂರಿಸಿದೆ. ಟೆಲ್‌ಗೆ ಒಂದು ಬಡಿತ, ಕಮ್‌ಗೆ ಒಂದು, ಡೇಗೆ ಒಂದು. ಉಳಿದದ್ದನ್ನು ನಡುವೆ ತುರುಕಬೇಕು.

ಅವಳು ತಡವರಿಸಿದಾಗ ನನ್ನ ಕೈಯೂ ತಡವರಿಸುತ್ತಿತ್ತು.

“ನಿನ್ನ ಇಂಗ್ಲಿಷ್ ಕಾಯ್ಕೋತ ಕುಂತು ನನ್ನ ರೊಟ್ಟಿ ಹರೀತು ನೋಡು!”

“ಹರದದ್ದು ನನಗ ಹಾಕ್ರಿ ಕಾಕು, ಗೋಳಾಡಬ್ಯಾಡ್ರಿ.”

ಮೂರು ತಿಂಗಳು ಹರಿದ ರೊಟ್ಟಿ ತಿಂದಳು. ಆಮೇಲೆ ರೊಟ್ಟಿ ದುಂಡಗೆ ಬರತೊಡಗಿದವು. ಅವಳ ಮಾತು ನೆಟ್ಟಗಾದಷ್ಟೂ ಖೋಲಿ ಖಾಲಿಯಾಗುವ ದಿನ ಹತ್ತಿರ ಬರುತ್ತಿತ್ತು. ಇದು ನನಗೆ ಗೊತ್ತಿತ್ತು. ಸುಳ್ಳು ಯಾಕೆ ಹೇಳಲಿ? ಒಂದು ದಿನ ಅವಳು ಸಾಲಿಗೆ ಹೋದಾಗ ಕ್ಯಾಸೆಟ್ ಹಿಡಿದು ಒಲೆಯ ಮುಂದೆ ಕುಳಿತೆ. ಅದರ ರೀಲನ್ನು ಗೇಣುದ್ದ ಹೊರಗೆಳೆದೆ. ಒಲೆಗೆ ಹಾಕಲು ಕೈ ಬರಲಿಲ್ಲ. ಅವಳದೇ ಪೆನ್ಸಿಲ್ ಸಿಕ್ಕಿಸಿ ತಿರುವಿ ಒಳಗೆ ಸೇರಿಸಿದೆ. ಅವಳಿಗೆ ಗೊತ್ತಾಗಲಿಲ್ಲ. ಗೊತ್ತಾಗಿದ್ದರೂ ಹೇಳಲಿಲ್ಲ.

ಎರಡನೆಯ ಸಲ ಪಾಸಾದಳು. ಉತ್ತರ ಹೇಳುವಾಗ ಟೇಬಲ್ಲಿನ ಕೆಳಗೆ ತೊಡೆ ಬಡಿಯುತ್ತಿದ್ದಳಂತೆ.

ಆಮೇಲೆ ಈ ಊರಿಗೆ ಎರಡು ಸಲ ಬಂದಳು. ಕುಂಕುಮ ಹಚ್ಚಿಸಿಕೊಂಡು, ಚಹಾ ಕುಡಿದು ಹೋದಳು. ಆ ಹೊಸ್ತಿಲ ಮೇಲೆ ಮತ್ತೆ ಕೂಡಲಿಲ್ಲ. ನನಗೆ ಬೇಕಾಗಿದ್ದದ್ದು ಅವಳು ಅಲ್ಲಿ ಕೂಡುವುದಷ್ಟೇ ಆಗಿತ್ತು. ಈಗಲೂ ಹಿಟ್ಟಿನ ಮೇಲೆ ಕೈ ಬಿದ್ದರೆ, ಅರ್ಥ ಗೊತ್ತಿಲ್ಲದ ಆ ಸಾಲು ಬಾಯಿಗೆ ಬರುತ್ತದೆ. ಎದುರಿಗೆ ಮಾತ್ರ ಯಾರೂ ಇರುವುದಿಲ್ಲ.

ತರಬೇತಿಗೆಂದು ಅವಳು ಹೊರಟದ್ದು ಮಧ್ಯಾಹ್ನದ ಧಾರವಾಡ ಬಸ್ಸಿಗೆ. ನಮ್ಮಲ್ಲಿ ಹೊರಡುವವರೆಲ್ಲ ‘ಹೋಗ್ಬರ್ತೇನ್ರಿ’ ಎಂದು ಒಂದೇ ಉಸಿರಿಗೆ ಅನ್ನುತ್ತಾರೆ. ಅವಳು ಕಿಟಕಿಯಿಂದ ಕೈ ಚಾಚಿ, “ಹೋಗಿ... ಬರ್ತೇನ್ರಿ ಕಾಕು,” ಎಂದಳು.

“ಇಷ್ಟು ಕಲಿಸಿದ್ದು ಎಲ್ಲಿ ಹೋತ? ಕೂಡಿಸಿ ಅನ್ನು!” ಎಂದು ಬೈದೆ. ಅವಳು ಬಾಯಿ ತೆರೆಯುವಷ್ಟರಲ್ಲಿ ಬಸ್ಸು ಹೊರಟಿತು.

ಮರುದಿನ ಮುಂಜಾನೆ ಖೋಲಿಯ ಕಸ ಹೊಡೆದು, ನೆಲ ಸಾರಿಸಿ, ಮೂಲೆಯ ಚಹಾದಂಗಡಿಯವನ ಹತ್ತಿರ ಹೋದೆ. ಖೋಲಿ ಖಾಲಿ ಐತಿ, ಯಾರಾದರೂ ಕೇಳಿದರೆ ಕಳಿಸು ಎಂದೆ. ಎಂಥವರು ಬೇಕ್ರಿ ಎಂದು ಕೇಳಿದ.

“ಯಾರರೆ ಇರಲಿ,” ಎಂದೆ. “ಬಾಯಿಬಿಟ್ಟು ಓದೋರಾಗಿರಬೇಕು.”